ನಿತ್ಯದ ಕಾಯಕ, ಅಪರೂಪದ ಗಳಿಗೆ

ಕಾಯಕವೆಂಬುದು ಒಂದು ದಿನದ ವ್ರತವಲ್ಲ, ಅದು ನಿತ್ಯವ್ರತ. ಶರಣರು ಕಾಯಕಕ್ಕೆ ಕೊಟ್ಟ ಹಿರಿಮೆಯನ್ನು ಬಲ್ಲ ವಾಚಕರಿಗೆ ಇದು ಹೊಸ ಮಾತಲ್ಲ. ದೋಣಿಯ ಚೌಡಯ್ಯನು ದಿನವೂ ಹುಟ್ಟು ಹಾಕಿದನು. ನುಲಿಯ ಚಂದಯ್ಯನು ದಿನವೂ ಹುಲ್ಲು ಕೊಯ್ದು ಹಗ್ಗ ಹೊಸೆದನು. ಮಾರಯ್ಯನು ದಿನವೂ ಅಕ್ಕಿಯ ಕಾಳನ್ನು ಆಯ್ದನು. ಇಂದು ಮಾಡಿದ್ದನ್ನು ನಾಳೆಯೂ ಮಾಡುವುದೇ ಕಾಯಕದ ಬಲ. ಆದರೆ ನಿತ್ಯವಾದುದರಲ್ಲಿ ಒಂದು ಗುಣವೂ ಒಂದು ಕೇಡೂ ಜೊತೆಜೊತೆಯಾಗಿ ನೆಲೆಸಿರುತ್ತವೆ. ಗುಣವೇನೆಂದರೆ, ಮಾಡುತ್ತ ಮಾಡುತ್ತ ಕೈ ಪಳಗುವುದು. ಕೇಡೇನೆಂದರೆ, ಕೈ ಪಳಗಿದಷ್ಟೂ ಮನಸ್ಸು ಆ ಸ್ಥಳದಿಂದ ಮೆಲ್ಲನೆ ಎದ್ದು ಹೊರಟುಹೋಗುವುದು. ಕೈ ಕೆಲಸ ಮಾಡುತ್ತಲೇ ಇರುತ್ತದೆ. ಯಜಮಾನನು ಮಾತ್ರ ಮನೆಯಲ್ಲಿರುವುದಿಲ್ಲ.

ದಿನಗಳು ಒಂದೇ ಸಮನೆ ಸಾಗುವಷ್ಟು ಕಾಲ ಈ ಗೈರುಹಾಜರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಸಾವಿರ ದಿನಗಳಲ್ಲಿ ಒಂದು ದಿನ, ಕೆಲವು ವೇಳೆ ಎಪ್ಪತ್ತು ವರ್ಷಗಳಲ್ಲಿ ಒಂದು ರಾತ್ರಿ, ಹಿಂದಿನ ಯಾವ ದಿನದಂತೆಯೂ ಇರದ ಗಳಿಗೆಯೊಂದು ಬಂದು ಬಾಗಿಲು ತಟ್ಟುತ್ತದೆ. ಆಗ ಬೇಕಾಗುವುದು ಪಳಗಿದ ಕೈಯಷ್ಟೇ ಅಲ್ಲ, ಎಚ್ಚತ್ತ ಮನಸ್ಸು ಕೂಡ. ಆ ಎಚ್ಚರವನ್ನು ಅಪಾಯದ ಗಳಿಗೆಯಲ್ಲಿ ಸಂಪಾದಿಸಲು ಆಗದು. ಅಪಾಯವಿಲ್ಲದ ದಿನಗಳಲ್ಲಿಯೇ ಅದನ್ನು ಕೂಡಿಟ್ಟಿರಬೇಕು. ಅದನ್ನು ಕೂಡಿಡುವ ಬಗೆ ಹೇಗೆಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ವೃಷಭಾವತಿಯ ದಂಡೆಯಲ್ಲಿ

ದೂರದ ದೃಷ್ಟಾಂತಕ್ಕೆ ಹೋಗುವ ಮೊದಲು ಬೆಂಗಳೂರಿನ ಪಡುವಣ ಭಾಗವನ್ನೇ ನೋಡಬಹುದು. ರಾಜಾಜಿನಗರ, ಬಸವಣ್ಣನವರ ಹೆಸರನ್ನೇ ಹೊತ್ತ ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಇವುಗಳ ನೀರೆಲ್ಲ ಇಳಿಜಾರು ಹಿಡಿದು ಕೊನೆಗೆ ಸೇರುವುದು ವೃಷಭಾವತಿಯನ್ನು. ಬಸವನಗುಡಿಯ ದೊಡ್ಡ ಬಸವನ ಪಾದದಡಿಯಲ್ಲಿ ಈ ನದಿ ಹುಟ್ಟಿತೆಂದು ಹಿರಿಯರು ನಂಬಿ ಬಂದಿದ್ದಾರೆ. ಹೆಸರೂ ಅದಕ್ಕೆ ಒಪ್ಪುವಂತಿದೆ. ಮೈಸೂರು ರಸ್ತೆಯ ಮಗ್ಗುಲಲ್ಲಿ ಹರಿದು, ಕೆಂಗೇರಿಯನ್ನು ದಾಟಿ, ಮುಂದೆ ಅರ್ಕಾವತಿಯನ್ನೂ ಅದರ ಮೂಲಕ ಕಾವೇರಿಯನ್ನೂ ಅದು ಕೂಡುತ್ತದೆ. ಒಂದು ಕಾಲಕ್ಕೆ ತಿಳಿನೀರಿನ ಹೊಳೆಯಾಗಿದ್ದ ಅದು ಇಂದು ನಗರದ ಕೊಳೆಯನ್ನು ಹೊರುವ ಕಾಲುವೆಯಾಗಿದೆ. ಅದಕ್ಕೆ ನೀರು ತರುವ ರಾಜಕಾಲುವೆಗಳು ವರ್ಷದ ಬಹುಭಾಗ ಮೊಣಕಾಲುದ್ದ ನೀರೂ ಇಲ್ಲದೆ ಮಂದವಾಗಿ ಹರಿಯುತ್ತಿರುತ್ತವೆ. ಪಕ್ಕದಲ್ಲಿ ಮಕ್ಕಳು ಆಡುತ್ತಾರೆ, ತಡೆಗೋಡೆಗೆ ಒರಗಿ ಜನ ಮಾತನಾಡುತ್ತಾರೆ. ಇದು ಅಪಾಯದ ಸ್ಥಳವೆಂದು ಅನ್ನಿಸುವಂಥದು ಅಲ್ಲಿ ಏನೂ ಕಾಣುವುದಿಲ್ಲ.

೨೦೧೭ನೆಯ ಇಸವಿಯ ಮಳೆಗಾಲ ಈ ನಂಬಿಕೆಯನ್ನು ಮುರಿಯಿತು. ಆ ವರ್ಷದ ಮೇ ೨೦ರಂದು ಕುರುಬರಹಳ್ಳಿಯ ರಾಜಕಾಲುವೆಯಲ್ಲಿ ಕೆಲಸಕ್ಕೆ ಇಳಿದಿದ್ದ ಕಾರ್ಮಿಕನೊಬ್ಬನು ಹಠಾತ್ತನೆ ಏರಿದ ನೀರಿನಲ್ಲಿ ಕೊಚ್ಚಿಹೋದನು. ಅದೇ ವರ್ಷ ಅಕ್ಟೋಬರ್ ೧೩ರ ಸಂಜೆ ಸುರಿದ ಭಾರಿ ಮಳೆಗೆ ಅದೇ ಪ್ರದೇಶದಲ್ಲಿ ಮತ್ತೆ ಪ್ರಾಣಹಾನಿಯಾಯಿತು. ಅಂದಿನವರೆಗೆ ಬೆಂಗಳೂರಿನಲ್ಲಿ ದಾಖಲಾಗಿದ್ದ ಮಳೆಯಲ್ಲೆಲ್ಲ ೨೦೧೭ರ ಮಳೆಯೇ ಹೆಚ್ಚಿನದಾಗಿತ್ತು. ಐದು ವರ್ಷ ಕಳೆಯುವುದರೊಳಗೆ ೨೦೨೨ರ ಮಳೆ ಆ ದಾಖಲೆಯನ್ನೂ ಮೀರಿತು.

ಇಲ್ಲಿ ಲಕ್ಷಿಸತಕ್ಕ ಸಂಗತಿಯೊಂದುಂಟು. ತೋಟ, ಕೆರೆ, ಬಯಲುಗಳಿದ್ದ ಕಾಲದಲ್ಲಿ ಮಳೆಯ ನೀರನ್ನು ಮಣ್ಣು ಹೀರಿಕೊಳ್ಳುತ್ತಿತ್ತು. ಉಳಿದ ನೀರು ನಿಧಾನವಾಗಿ ಹರಿದು ಕಾಲುವೆಗೆ ಬರುತ್ತಿತ್ತು. ನೆಲಕ್ಕೆಲ್ಲ ಕಾಂಕ್ರೀಟು ಹಾಸಿದ ಮೇಲೆ ಬಿದ್ದ ಹನಿಯೆಲ್ಲ ಒಂದೇ ಓಟಕ್ಕೆ ಕಾಲುವೆಗೆ ಧಾವಿಸುತ್ತದೆ. ಮೇಲಿನ ಬಡಾವಣೆಯಲ್ಲಿ ಮಳೆ ಸುರಿದರೆ, ಕೆಳಗಿನ ಬಡಾವಣೆಯ ಆಕಾಶ ಇನ್ನೂ ತಿಳಿಯಾಗಿರುವಾಗಲೇ ಅಲ್ಲಿನ ಕಾಲುವೆ ಉಕ್ಕಬಹುದು. ಹೀಗೆ ಅಪಾಯದ ಸ್ವರೂಪ ಬದಲಾಗಿದ್ದರೂ ಜನರ ಅನುಭವ ಮಾತ್ರ ಹಳೆಯ ಕಾಲುವೆಯದೇ ಆಗಿತ್ತು. ‘ಎಷ್ಟೋ ಮಳೆ ನೋಡಿದ್ದೇವೆ’ ಎಂಬ ಮಾತು ಅನುಭವದ ಮಾತಾದರೂ ಅದು ಎಚ್ಚರದ ಮಾತಾಗಿರಲಿಲ್ಲ.

ಸರಪಳಿಯ ಒಂದು ಕೊಂಡಿ

ಎರಡನೆಯ ದೃಷ್ಟಾಂತ ತುಂಗಭದ್ರೆಯದು. ಅಂಬಿಗರ ಚೌಡಯ್ಯನ ಹೆಸರಿನೊಡನೆ ಸೇರಿ ಬಂದಿರುವ ಚೌಡದಾನಪುರ ಇರುವುದು ಇದೇ ನದಿಯ ದಂಡೆಯಲ್ಲಿ, ರಾಣಿಬೆನ್ನೂರು ತಾಲ್ಲೂಕಿನಲ್ಲಿ. ಅಲ್ಲಿಂದ ಕೆಳಗೆ, ಹೊಸಪೇಟೆಯ ಬಳಿ, ೧೯೪೫ರಲ್ಲಿ ಆರಂಭವಾಗಿ ೧೯೫೩ರಲ್ಲಿ ಮುಗಿದ ಅಣೆಕಟ್ಟು ಈ ನದಿಗೆ ಅಡ್ಡಲಾಗಿ ನಿಂತಿದೆ. ಅದಕ್ಕೆ ೩೩ ಗೇಟುಗಳು. ಒಂದೊಂದರ ಅಗಲ ೬೦ ಅಡಿ, ಎತ್ತರ ೨೦ ಅಡಿ. ಇಂದು ಅದು ಹಿಡಿಯಬಲ್ಲ ನೀರು ಸುಮಾರು ೧೦೫ ಟಿಎಂಸಿ. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಹಾಗೂ ನೆರೆರಾಜ್ಯಗಳ ಲಕ್ಷಾಂತರ ರೈತರ ಅನ್ನ ಆ ನೀರಿನಲ್ಲಿದೆ.

೨೦೨೪ರ ಮುಂಗಾರು ಚೆನ್ನಾಗಿ ಆಗಿ ಜಲಾಶಯ ತುಂಬಿ ನಿಂತಿತ್ತು. ಆಗಸ್ಟ್ ೧೦ರ ಶನಿವಾರ ರಾತ್ರಿ ೧೯ನೆಯ ಗೇಟನ್ನು ಹಿಡಿದಿದ್ದ ಸರಪಳಿಯ ಕೊಂಡಿ ಕಡಿಯಿತು. ಗೇಟು ನೀರಿನ ರಭಸಕ್ಕೆ ಕೊಚ್ಚಿಹೋಯಿತು. ಮಿಕ್ಕ ಗೇಟುಗಳ ಮೇಲಿನ ಒತ್ತಡವನ್ನು ತಗ್ಗಿಸುವುದಕ್ಕಾಗಿ ಅವುಗಳನ್ನೂ ತೆರೆಯಬೇಕಾಯಿತು. ಸುಮಾರು ಒಂದು ಲಕ್ಷ ಕ್ಯೂಸೆಕ್ ನೀರು ನದಿಗೆ ಧುಮುಕಿತು. ನದೀಪಾತ್ರದ ಜನರಿಗೆ ಎಚ್ಚರಿಕೆ ಹೋಯಿತು. ರೈತರು ತಮ್ಮ ಎರಡು ಬೆಳೆಗಳ ನೀರು ಕಣ್ಣೆದುರಿಗೇ ಹರಿದು ಹೋಗುವುದನ್ನು ನೋಡುತ್ತ ನಿಲ್ಲಬೇಕಾಯಿತು.

ಒಡೆದ ಗೇಟಿನ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚಲು ತಡೆಹಲಗೆಗಳು ಬೇಕು. ಇವಕ್ಕೆ ಸ್ಟಾಪ್‌ಲಾಗ್ ಎಂದು ಹೆಸರು. ಇತ್ತೀಚಿನ ಅಣೆಕಟ್ಟುಗಳಲ್ಲಿ ಇವನ್ನು ಮೊದಲೇ ಮಾಡಿಸಿ, ಇಳಿಸುವ ಗಾಡಿಯ ಸಮೇತ ಸಿದ್ಧವಾಗಿಡುವುದು ವಾಡಿಕೆ. ತುಂಗಭದ್ರೆಯಲ್ಲಿ ಅವು ಸಿದ್ಧವಿರಲಿಲ್ಲ. ಎಪ್ಪತ್ತು ವರ್ಷ ಅವುಗಳ ಅಗತ್ಯವೇ ಬಿದ್ದಿರಲಿಲ್ಲ. ಆಗ ವಯೋವೃದ್ಧರಾದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಲಾಯಿತು. ಆ ಪ್ರಾಂತದ ಕಾರ್ಖಾನೆಗಳು ಹಗಲಿರುಳು ದುಡಿದು ೬೦ ಅಡಿ ಅಗಲದ ಉಕ್ಕಿನ ಹಲಗೆಗಳನ್ನು ತಯಾರಿಸಿದವು. ಆಗಸ್ಟ್ ೧೬ರಂದು, ಹರಿಯುತ್ತಿದ್ದ ನೀರಿನಲ್ಲಿಯೇ, ಮೊದಲನೆಯ ಹಲಗೆಯನ್ನು ಇಳಿಸಿದರು. ಮರುದಿನ ಉಳಿದವನ್ನೂ ಇಳಿಸಿ ಗೇಟಿನ ಬಾಯಿಯನ್ನು ಮುಚ್ಚಿದರು. ಮುಂದೆ ಸುರಿದ ಮಳೆ ಜಲಾಶಯವನ್ನು ಮತ್ತೆ ತುಂಬಿಸಿತು. ರೈತರ ಅದೃಷ್ಟ ದೊಡ್ಡದೆನ್ನಬೇಕು. ತರುವಾಯ ಪರಿಶೀಲಿಸಿದ ತಜ್ಞರು ೩೩ ಗೇಟುಗಳನ್ನೂ ಬದಲಿಸುವುದು ಲೇಸೆಂದು ಸಲಹೆಯಿತ್ತರು.

ಈ ಘಟನೆಯಲ್ಲಿ ಯಾರೊಬ್ಬರ ಮೇಲಾದರೂ ತಪ್ಪು ಹೊರಿಸುವುದು ಇಲ್ಲಿಯ ಉದ್ದೇಶವಲ್ಲ. ಆ ಏಳು ದಿನಗಳಲ್ಲಿ ಪ್ರವಾಹದ ನೆತ್ತಿಯ ಮೇಲೆ ನಿಂತು ದುಡಿದ ಕೆಲಸಗಾರರ ಧೈರ್ಯ ವಂದನೀಯವಾದುದು. ಆದರೆ ಪಾಠ ಸ್ಪಷ್ಟವಾಗಿದೆ. ಎಪ್ಪತ್ತು ವರ್ಷ ಸರಪಳಿ ಕಡಿಯದಿದ್ದುದು ಸರಪಳಿ ಗಟ್ಟಿಯೆಂಬುದಕ್ಕೆ ಸಾಕ್ಷಿಯೆಂದು ಮನಸ್ಸು ತಿಳಿಯುತ್ತದೆ. ವಾಸ್ತವದಲ್ಲಿ ಅದು ಸರಪಳಿ ಎಪ್ಪತ್ತು ವರ್ಷ ಹಳೆಯದಾಯಿತೆಂಬುದಕ್ಕೂ ಸಾಕ್ಷಿ. ಒಂದೇ ಸಂಗತಿಯಿಂದ ನಿಶ್ಚಿಂತೆಯನ್ನೂ ಪಡೆಯಬಹುದು, ಎಚ್ಚರಿಕೆಯನ್ನೂ ಪಡೆಯಬಹುದು; ಮೈಮರೆತವನು ಮೊದಲನೆಯದನ್ನು ಮಾತ್ರ ಪಡೆಯುತ್ತಾನೆ.

ಮೈಮರೆವಿನ ಮೂಲ

ಹೀಗೇಕಾಗುತ್ತದೆ? ಇದು ಸೋಮಾರಿತನವೆಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಶ್ರದ್ಧೆಯುಳ್ಳ ಕೆಲಸಗಾರನೂ ಮೈಮರೆಯುತ್ತಾನೆಂಬುದು ಅನುಭವಸಿದ್ಧ. ದಿನವೂ ಒಂದು ಕವಾಟವನ್ನು ಮುಟ್ಟಿ ನೋಡುವ ನಿಯಮವಿದೆಯೆನ್ನಿ. ಒಂದು ದಿನ ಅವಸರದಲ್ಲಿ ನೋಡದೆ ಬಿಟ್ಟರೆ ಏನೂ ಆಗುವುದಿಲ್ಲ. ಮರುದಿನವೂ ಏನೂ ಆಗುವುದಿಲ್ಲ. ಬಿಟ್ಟ ಪ್ರತಿಯೊಂದು ದಿನವೂ ‘ಬಿಟ್ಟರೆ ನಷ್ಟವಿಲ್ಲ’ ಎಂಬ ಸುಳ್ಳುಪಾಠವನ್ನು ಕಲಿಸುತ್ತದೆ. ಒಲೆಯನ್ನು ಮುಟ್ಟಿದ ಮಗುವಿಗೆ ಆ ಕ್ಷಣವೇ ಕೈ ಸುಡುವುದರಿಂದ ಪಾಠ ನಿಲ್ಲುತ್ತದೆ. ಕವಾಟವನ್ನು ನೋಡದವನಿಗೆ ಶಿಕ್ಷೆ ಕಂತುಕಂತಾಗಿ ಬರುವುದಿಲ್ಲ. ಕೊನೆಯಲ್ಲಿ ಒಂದೇ ಸಲ ಬರುತ್ತದೆ, ಅದೂ ಬಹಳ ಸಾರಿ ನಿರಪರಾಧಿಗಳ ಮೇಲೆ ಬರುತ್ತದೆ.

ಮನಸ್ಸಿನ ಸ್ವಭಾವವನ್ನು ಪರೀಕ್ಷಿಸಿದ ವಿಜ್ಞಾನಿಗಳೂ ಇದನ್ನೇ ಕಂಡಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ರಾಡಾರ್ ಪರದೆಯನ್ನು ಗಂಟೆಗಟ್ಟಲೆ ನೋಡುತ್ತ ಕುಳಿತವರು ಶತ್ರುವಿನ ಗುರುತನ್ನು ತಪ್ಪಿಸಿಕೊಳ್ಳುತ್ತಿದ್ದುದೇಕೆಂಬ ಪ್ರಶ್ನೆ ಇಂಗ್ಲೆಂಡಿನಲ್ಲಿ ಎದ್ದಿತು. ಅಲ್ಲಿಯ ನಾರ್ಮನ್ ಮ್ಯಾಕ್‌ವರ್ತ್ ಎಂಬವರು ಗಡಿಯಾರದ ಮುಳ್ಳಿನಂಥ ಮುಳ್ಳೊಂದನ್ನು ಸಮನಾಗಿ ಚಲಿಸುವಂತೆ ಮಾಡಿ, ಅದು ಎಂದಾದರೊಮ್ಮೆ ಎರಡು ಹೆಜ್ಜೆ ಜಿಗಿದಾಗ ಗುರುತಿಸಬೇಕೆಂದು ಜನರಿಗೆ ಹೇಳಿದರು. ೧೯೪೮ರಲ್ಲಿ ಪ್ರಕಟವಾದ ಅವರ ಶೋಧನೆಯಂತೆ, ಮೊದಲ ಅರ್ಧ ಗಂಟೆ ಕಳೆಯುತ್ತಲೇ ಗುರುತಿಸುವ ಶಕ್ತಿ ಕುಗ್ಗಿತು. ಅಮೆರಿಕದ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ೨೦೦೫ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಚಿತ್ರಗಳಲ್ಲಿ ಅಡಗಿದ ವಸ್ತುವೊಂದನ್ನು ಹುಡುಕುವ ಕೆಲಸವದು. ಅರ್ಧದಷ್ಟು ಚಿತ್ರಗಳಲ್ಲಿ ಆ ವಸ್ತು ಇದ್ದಾಗ ನೋಡುವವರು ತಪ್ಪಿಸಿಕೊಂಡದ್ದು ನೂರಕ್ಕೆ ಸುಮಾರು ಏಳನ್ನು. ನೂರರಲ್ಲಿ ಒಂದೇ ಚಿತ್ರದಲ್ಲಿ ಅದು ಇದ್ದಾಗ ತಪ್ಪಿಸಿಕೊಂಡದ್ದು ನೂರಕ್ಕೆ ಸುಮಾರು ಮೂವತ್ತನ್ನು. ಅಪರೂಪವಾದುದನ್ನು ಕಣ್ಣು ನೋಡಿಯೂ ಕಾಣುವುದಿಲ್ಲವೆಂಬುದು ಇದರ ತಾತ್ಪರ್ಯ.

ಆದುದರಿಂದ ಮೈಮರೆವು ಕೆಟ್ಟವರ ದೋಷವಷ್ಟೇ ಅಲ್ಲ, ಮನುಷ್ಯಮಾತ್ರದವರೆಲ್ಲರ ಸ್ವಭಾವ. ಸ್ವಭಾವವನ್ನು ಬೈಗುಳದಿಂದ ಗೆಲ್ಲಲು ಸಾಧ್ಯವಿಲ್ಲ. ‘ಎಚ್ಚರವಾಗಿರಿ’ ಎಂದು ಗೋಡೆಯ ಮೇಲೆ ಬರೆದ ಫಲಕ ಹತ್ತನೆಯ ದಿನ ಗೋಡೆಯೇ ಆಗಿಬಿಡುತ್ತದೆ. ಸ್ವಭಾವವನ್ನು ಗೆಲ್ಲುವುದು ನಿಯಮದಿಂದ. ನಿಯಮದಲ್ಲಿಯೂ ಜೀವವುಳ್ಳ ನಿಯಮದಿಂದ.

ಎಚ್ಚರವನ್ನು ಕಾಪಾಡುವವರ ರೀತಿ

೧೮೮೨ರಲ್ಲಿ ಮೈಸೂರನ್ನು ಮುಟ್ಟಿದ ರೈಲುಮಾರ್ಗ ಇಂದಿಗೂ ಕೆಂಗೇರಿಯ ಮೂಲಕವೇ ಹಾದುಹೋಗುತ್ತದೆ. ಈ ದಾರಿಯಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿದ ಚಾಲಕನಿಗೆ ಯಾವ ತಿರುವಿನಲ್ಲಿ ಯಾವ ಸಿಗ್ನಲ್ ಇದೆಯೆಂಬುದು ಕಣ್ಣು ಮುಚ್ಚಿದರೂ ಗೊತ್ತು. ಹಾಗೆ ಗೊತ್ತಿರುವುದೇ ಅಪಾಯ. ನಿನ್ನೆ ಹಸಿರಿದ್ದ ಕಡೆ ಇಂದೂ ಹಸಿರೇ ಕಾಣಿಸಬಹುದು, ಅಲ್ಲಿರುವುದು ಕೆಂಪಾಗಿದ್ದರೂ ಸಹ. ಇದಕ್ಕಾಗಿ ರೈಲ್ವೆಯವರು ಒಂದು ನಿಯಮ ಮಾಡಿದ್ದಾರೆ. ಪ್ರತಿಯೊಂದು ಸಿಗ್ನಲ್ ಹತ್ತಿರ ಬಂದಾಗ ಚಾಲಕನೂ ಸಹಚಾಲಕನೂ ಅದರ ಬಣ್ಣವನ್ನು ಬಾಯಿಬಿಟ್ಟು ಒಬ್ಬರಿಗೊಬ್ಬರು ಹೇಳಬೇಕು. ದಿನವೂ ಇದೇ ಮಾತು, ಇದೇ ದಾರಿ, ಆದರೂ ಹೇಳಬೇಕು. ಕಣ್ಣು ಕಂಡದ್ದನ್ನು ಬಾಯಿ ನುಡಿಯಬೇಕು, ನುಡಿದದ್ದನ್ನು ಇನ್ನೊಬ್ಬನ ಕಿವಿ ಕೇಳಬೇಕು. ಇಂಜಿನ್ನಿನಲ್ಲಿ ಇನ್ನೊಂದು ಯಂತ್ರವೂ ಉಂಟು: ಚಾಲಕನು ಒಂದು ನಿಮಿಷ ಯಾವ ಸಲಕರಣೆಯನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, ಅನಂತರ ಗಂಟೆ ಕೂಗುತ್ತದೆ, ಅದಕ್ಕೂ ಓಗೊಡದಿದ್ದರೆ ಗಾಡಿ ತಾನಾಗಿ ನಿಲ್ಲುತ್ತದೆ. ಆದರೆ ಯಂತ್ರದ ಗುಂಡಿಯನ್ನು ಒತ್ತುವುದೂ ಬೆರಳಿಗೆ ರೂಢಿಯಾಗಿ ಹೋಗಬಹುದು. ಒಬ್ಬ ಮನುಷ್ಯನಿಗೆ ಇನ್ನೊಬ್ಬ ಮನುಷ್ಯನು ಸಾಕ್ಷಿಯಾಗುವ ನಿಯಮಕ್ಕೆ ಅದು ಬದಲಿಯಾಗಲಾರದು.

ಅಗ್ನಿಶಾಮಕ ಠಾಣೆಯ ಜೀವನ ಇನ್ನೊಂದು ಬಗೆಯದು. ರಾಜಾಜಿನಗರದಲ್ಲಿಯೂ ಅಂಥದೊಂದು ಠಾಣೆಯುಂಟು. ರಾಜ್ಯದ ಅಗ್ನಿಶಾಮಕ ದಳ ೧೯೬೪ರ ಕಾಯಿದೆಯ ಮೇರೆಗೆ ರೂಪುಗೊಂಡಿತು. ಬೆಂಕಿಯಿಲ್ಲದ ದಿನ ಅಲ್ಲಿಯ ಕೆಲಸ ನೋಡುವವರಿಗೆ ಬರಿಯ ಬಿಡುವಿನಂತೆ ತೋರಬಹುದು. ಆದರೆ ನೀರಿನ ಕೊಳವೆಯನ್ನು ಬಿಚ್ಚಿ ಸುತ್ತುವುದು, ಪಂಪನ್ನು ಓಡಿಸಿ ನೋಡುವುದು, ಏಣಿಯನ್ನು ಏರಿ ಇಳಿಯುವುದು, ಕರೆಗಂಟೆ ಬಾರಿಸಿ ಗಾಡಿಯೇರುವ ಅಭ್ಯಾಸ ಮಾಡುವುದು, ಇವೇ ಆ ದಿನಗಳ ಕಾಯಕ. ೧೯೪೪ರ ಏಪ್ರಿಲ್ ೧೪ರಂದು ಮುಂಬಯಿಯ ಬಂದರಿನಲ್ಲಿ ಸ್ಫೋಟಕಗಳನ್ನು ಹೊತ್ತ ಹಡಗು ಸಿಡಿದಾಗ ೬೬ ಮಂದಿ ಅಗ್ನಿಶಾಮಕರು ಮಡಿದರು. ಅವರ ಸ್ಮರಣೆಗಾಗಿ ಆ ದಿನವನ್ನು ದೇಶದಾದ್ಯಂತ ಆಚರಿಸುತ್ತಾರೆ. ಬೆಂಗಳೂರಿಗೂ ಬೆಂಕಿಯ ನೆನಪುಗಳುಂಟು. ೧೯೮೧ರ ಫೆಬ್ರವರಿ ೭ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗಲಿ ತೊಂಬತ್ತಕ್ಕೂ ಮಿಕ್ಕ ಜನ ಸತ್ತರು. ಅವರಲ್ಲಿ ಬಹುಮಂದಿ ಮಕ್ಕಳು. ೨೦೧೦ರ ಫೆಬ್ರವರಿ ೨೩ರಂದು ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡದಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಅಲ್ಲಿ ಉರಿಗಿಂತ ಹೊಗೆಯೇ ಹೆಚ್ಚಿನ ಕೇಡನ್ನು ಮಾಡಿತು. ಈ ಎರಡು ದಿನಗಳ ಬೆಳಗೂ ಉಳಿದೆಲ್ಲ ದಿನಗಳ ಬೆಳಗಿನಂತೆಯೇ ಇದ್ದಿತೆಂಬುದನ್ನು ಮರೆಯಬಾರದು.

ವಿಮಾನ ನಿಲ್ದಾಣಗಳಲ್ಲಿ ಪೆಟ್ಟಿಗೆಗಳನ್ನು ಪರೀಕ್ಷಿಸುವವರಿಗಾಗಿ ಮಾಡಿದ ಉಪಾಯ ಇನ್ನೂ ಸೊಗಸಾದುದು. ಸಾವಿರಾರು ನಿರಪಾಯದ ಪೆಟ್ಟಿಗೆಗಳನ್ನು ನೋಡಿ ದಣಿದ ಕಣ್ಣಿಗೆ, ಯಂತ್ರವೇ ಆಗಾಗ ಆಯುಧದ ಹುಸಿಚಿತ್ರವೊಂದನ್ನು ಪರದೆಯ ಮೇಲೆ ತೋರಿಸುತ್ತದೆ. ನೋಡುವವನು ಗುರುತಿಸಿದರೆ ಮೆಚ್ಚುಗೆ, ತಪ್ಪಿದರೆ ಎಚ್ಚರಿಕೆ. ಅಪರೂಪವಾದುದನ್ನು ಬೇಕೆಂದೇ ಪದೇಪದೇ ತಂದು ತೋರಿಸುವುದರಿಂದ ಅದು ಮನಸ್ಸಿಗೆ ಅಪರಿಚಿತವಾಗಿ ಉಳಿಯುವುದಿಲ್ಲ. ಅಣಕು ಕಾರ್ಯಾಚರಣೆಗಳ ಮರ್ಮವೂ ಇದೇ.

ಶರಣರ ಕಾಯಕದಲ್ಲಿ ಎಚ್ಚರ

ಈಗ ಶರಣರ ಕಡೆಗೆ ತಿರುಗಿದರೆ, ಈ ತತ್ತ್ವ ಅಲ್ಲಿ ಹೊಸ ವೇಷದಲ್ಲಿ ಕಾಣುವುದಿಲ್ಲ, ಮೂಲರೂಪದಲ್ಲಿಯೇ ಕಾಣುತ್ತದೆ. ಮೂವರ ಕಾಯಕವನ್ನು ಮಾತ್ರ ಇಲ್ಲಿ ನೆನೆಯಬಹುದು.

ಮೊದಲನೆಯವನು ಅಂಬಿಗರ ಚೌಡಯ್ಯ. ದೋಣಿಯ ಕಾಯಕದಲ್ಲಿ ನೂರು ದಿನ ನದಿ ಶಾಂತವಾಗಿರುತ್ತದೆ. ಆ ನೂರು ದಿನವೂ ದೋಣಿಯ ಬಿರುಕನ್ನು ನೋಡಬೇಕು, ಹಗ್ಗದ ಸವೆತವನ್ನು ನೋಡಬೇಕು, ಮಡು ಎಲ್ಲಿ ಜರುಗಿತೆಂಬುದನ್ನು ಅರಿಯಬೇಕು. ನೂರೊಂದನೆಯ ದಿನ ಮಹಾಪೂರ ಬಂದಾಗ ಕಲಿಯಲು ವೇಳೆಯಿರುವುದಿಲ್ಲ. ದೋಣಿಯಲ್ಲಿ ಕುಳಿತವರಿಗೆ ಈಜು ಬಾರದಿರಬಹುದು. ಅಂಬಿಗನ ಎಚ್ಚರವೇ ಅವರ ಈಜು. ತನ್ನ ಎಚ್ಚರದ ಮೇಲೆ ಇನ್ನೊಬ್ಬರ ಪ್ರಾಣ ತೇಲುತ್ತಿದೆಯೆಂಬ ಅರಿವು ಕಾಯಕಕ್ಕೆ ಗೌರವವನ್ನು ತರುತ್ತದೆ, ಭಾರವನ್ನೂ ತರುತ್ತದೆ.

ಎರಡನೆಯವನು ತಳವಾರ ಕಾಮಿದೇವಯ್ಯ. ಊರಿನ ಕಾವಲು ಅವನ ಕಾಯಕ. ಕಾವಲುಗಾರನ ಕೆಲಸದ ಫಲ ಕಣ್ಣಿಗೆ ಕಾಣುವಂಥದಲ್ಲ. ಕುಂಬಾರನಿಗೆ ಸಂಜೆಗೆ ಮಡಕೆ ಉಳಿಯುತ್ತದೆ, ನೇಕಾರನಿಗೆ ಸೀರೆ ಉಳಿಯುತ್ತದೆ. ಕಾವಲುಗಾರನಿಗೆ ಬೆಳಗಾದಾಗ ಉಳಿಯುವುದು ‘ಏನೂ ಆಗಲಿಲ್ಲ’ ಎಂಬುದೊಂದೇ. ಲೋಕ ಇದನ್ನು ಫಲವೆಂದು ಎಣಿಸುವುದಿಲ್ಲ. ಏನೂ ಆಗದಿದ್ದರೆ ಕಾವಲೇಕೆ ಎಂದೂ ಕೇಳುತ್ತದೆ. ಇಂಥ ಕಾಯಕವನ್ನೂ ಶರಣರು ಉಳಿದ ಕಾಯಕಗಳ ಸಾಲಿನಲ್ಲಿ ಸಮಾನವಾಗಿ ಕೂರಿಸಿದರು. ಏನೂ ಆಗದಂತೆ ನೋಡಿಕೊಳ್ಳುವುದೂ ಒಂದು ದುಡಿಮೆಯೆಂಬ ಮನ್ನಣೆ ಇದರಲ್ಲಿ ಅಡಗಿದೆ.

ಮೂರನೆಯವಳು ಆಯ್ದಕ್ಕಿ ಲಕ್ಕಮ್ಮ. ಪತಿಯಾದ ಮಾರಯ್ಯನು ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕದ ವೇಳೆ ಮೀರಿತೆಂದು ನೆನಪಿಸಿದವಳು ಆಕೆ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ತಿರುಗಿ ಕಳುಹಿಸಿದವಳೂ ಆಕೆಯೇ. ಈ ಕಥೆಯನ್ನು ಅಪರಿಗ್ರಹದ ದೃಷ್ಟಾಂತವಾಗಿ ಎಲ್ಲರೂ ಓದುತ್ತಾರೆ. ಇದರಲ್ಲಿ ಇನ್ನೊಂದು ಅಂಶವೂ ಉಂಟು. ದಿನವೂ ತರುವ ಅಕ್ಕಿಯ ಅಳತೆಯಲ್ಲಿ ಬಂದ ಸಣ್ಣ ವ್ಯತ್ಯಾಸ ಲಕ್ಕಮ್ಮನ ಕಣ್ಣಿಗೆ ಬಿದ್ದಿತು. ನಿತ್ಯದ ಕೆಲಸದಲ್ಲಿ ಎಚ್ಚರವಿದ್ದವರಿಗೆ ಮಾತ್ರ ಎಂದಿನಂತಿಲ್ಲದ್ದು ಎದ್ದು ಕಾಣುತ್ತದೆ. ಕಂಡದ್ದನ್ನು ಆಕೆ ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ; ಕೂಡಲೇ ಹೇಳಿದಳು. ಮಾರಯ್ಯನು ‘ಹೇಳುವವಳು ನೀನಾರು’ ಎಂದು ಕನಲಲಿಲ್ಲ, ಕೇಳಿದನು, ನಡೆದನು. ಮೈಮರೆತವನನ್ನು ಎಚ್ಚರಿಸುವವರೊಬ್ಬರು ಹತ್ತಿರವಿರುವುದು, ಅವರಿಗೆ ಹೇಳುವ ಧೈರ್ಯವಿರುವುದು, ಇವನಿಗೆ ಕೇಳುವ ವಿನಯವಿರುವುದು, ಈ ಮೂರೂ ಕೂಡಿದ ಮನೆಯೂ ಕಾರ್ಖಾನೆಯೂ ಸುರಕ್ಷಿತ.

ಲಿಂಗಪೂಜೆಯ ನಿಯಮವನ್ನೂ ಇಲ್ಲಿ ನೆನೆಯಬೇಕು. ಕರಸ್ಥಲದಲ್ಲಿ ಲಿಂಗವನ್ನಿಟ್ಟು, ದೃಷ್ಟಿಯನ್ನು ಅಲ್ಲಿ ನಿಲ್ಲಿಸಿ, ಮಂತ್ರವನ್ನು ನಾಲಗೆಯಲ್ಲಿ ನೆಲೆಗೊಳಿಸುವ ಈ ಕ್ರಮ, ಕೈ ಕಣ್ಣು ಮಾತು ಮನಸ್ಸುಗಳು ಬೇರೆಬೇರೆ ದಾರಿ ಹಿಡಿಯದಂತೆ ಕಟ್ಟುವ ಕ್ರಮವಾಗಿದೆ. ಆದರೂ ಇದು ಕೂಡ ರೂಢಿಯಾಗಿ ಬರಿಯ ಕೈಚಳಕವಾಗಬಹುದೆಂಬ ಭಯವನ್ನು ಶರಣರು ಮುಚ್ಚಿಡಲಿಲ್ಲ. ಮನವಿಲ್ಲದ ಪೂಜೆಯನ್ನು ಅವರು ನಿಷ್ಠುರವಾಗಿ ಖಂಡಿಸಿದರು. ಪೂಜೆಗೆ ಸಲ್ಲುವ ಈ ಮಾತು ಕಾಯಕಕ್ಕೂ ಸಲ್ಲುತ್ತದೆ.

ಒಂದು ಆಕ್ಷೇಪ

ಇಲ್ಲಿ ಕೆಲವರು ಹೀಗೆ ಕೇಳಬಹುದು: ಸದಾ ಅಪಾಯವನ್ನೇ ನೆನೆಯುತ್ತಿದ್ದರೆ ಬಾಳು ಭಯದ ಬಾಳಾಗುವುದಿಲ್ಲವೆ? ಭಯ ಬೇರೆ, ಎಚ್ಚರ ಬೇರೆ. ಭಯಪಟ್ಟವನು ಇನ್ನೂ ಬಾರದುದನ್ನು ಕುರಿತು ಚಿಂತಿಸುತ್ತಾನೆ, ಕೈಯಲ್ಲಿರುವ ಕೆಲಸವನ್ನು ಬಿಡುತ್ತಾನೆ. ಎಚ್ಚತ್ತವನು ಬಾರದುದಕ್ಕೆ ಬೇಕಾದುದನ್ನು ಇಂದೇ ಮಾಡಿಟ್ಟು, ಅನಂತರ ನಿಶ್ಚಿಂತನಾಗಿ ಕೈಯಲ್ಲಿರುವ ಕೆಲಸಕ್ಕೆ ತೊಡಗುತ್ತಾನೆ. ರಾತ್ರಿ ಬಾಗಿಲಿಗೆ ಅಗಳಿ ಹಾಕಿದವನಿಗೆ ಒಳ್ಳೆಯ ನಿದ್ರೆ ಬರುತ್ತದೆ. ಅಗಳಿ ಹಾಕಿದೆನೋ ಇಲ್ಲವೋ ಎಂದು ಸಂಶಯಪಡುವವನಿಗೆ ನಿದ್ರೆ ಬರುವುದಿಲ್ಲ. ಸಿದ್ಧತೆ ಭಯವನ್ನು ಹೆಚ್ಚಿಸುವುದಿಲ್ಲ, ಇಳಿಸುತ್ತದೆ. ಇಪ್ಪತ್ತನಾಲ್ಕು ಗಂಟೆಯೂ ಬಿಲ್ಲಿನ ಹೆದೆಯನ್ನು ಬಿಗಿದೇ ಇಡಬೇಕೆಂದು ಯಾರೂ ಹೇಳುವುದಿಲ್ಲ. ಬಿಗಿಯಬೇಕಾದಾಗ ಹೆದೆ ಗಟ್ಟಿಯಾಗಿರಬೇಕು, ಎಲ್ಲಿದೆಯೆಂದು ಗೊತ್ತಿರಬೇಕು, ಇಷ್ಟೇ.

ಆಚರಣೆಯ ಕ್ರಮ

ಮೇಲಿನ ವಿಚಾರದಿಂದ ನಿತ್ಯಜೀವನಕ್ಕೆ ಐದು ನಿಯಮಗಳು ಸಿದ್ಧವಾಗುತ್ತವೆ.

೧. ಮುಟ್ಟಿ ನೋಡುವುದು. ‘ಇದ್ದೀತು’ ಎಂಬ ಮಾತಿಗೆ ಎಡೆಗೊಡದೆ, ಗ್ಯಾಸಿನ ಕೊಳವೆ, ವಿದ್ಯುತ್ತಿನ ತಂತಿ, ಬೆಂಕಿಯಾರಿಸುವ ಸಿಲಿಂಡರು, ಮೇಲುಮಹಡಿಯ ಬಾಗಿಲ ಬೀಗ, ಆಸ್ಪತ್ರೆಯ ಆಮ್ಲಜನಕ, ಇವನ್ನು ಗೊತ್ತಾದ ದಿನ, ಗೊತ್ತಾದವರು, ಕಣ್ಣಿನಿಂದ ಕಂಡು ಕೈಯಿಂದ ಮುಟ್ಟಿ ಪರೀಕ್ಷಿಸತಕ್ಕದ್ದು. ಕಂಡದ್ದನ್ನು ಬಾಯಿಬಿಟ್ಟು ಹೇಳುವುದು ಇನ್ನೂ ಲೇಸು.

೨. ವಸ್ತುವನ್ನು ಮೊದಲೇ ಸಿದ್ಧಪಡಿಸುವುದು. ತುಂಗಭದ್ರೆಯ ತಡೆಹಲಗೆಯನ್ನು ನೆನಪಿಡಬೇಕು. ಬೇಕಾದಾಗ ಮಾಡಿಸಿಕೊಳ್ಳಬಹುದೆಂಬ ವಸ್ತು ಬೇಕಾದಾಗ ಇರುವುದಿಲ್ಲ.

೩. ಅಭ್ಯಾಸ ಮಾಡುವುದು. ದಾಸೋಹದ ಅಡಿಗೆಮನೆಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ, ಜಾತ್ರೆಯ ಚಪ್ಪರಗಳಲ್ಲಿ, ರಾಜಾಜಿನಗರದ ಕಾರ್ಖಾನೆಗಳಲ್ಲಿ, ಬೆಂಕಿ ಬಿದ್ದರೆ ಯಾರು ಯಾವ ದಾರಿಯಿಂದ ಹೊರಡಬೇಕು, ಮಕ್ಕಳನ್ನೂ ವೃದ್ಧರನ್ನೂ ಯಾರು ಕರೆದೊಯ್ಯಬೇಕು, ೧೧೨ಕ್ಕೆ ಕರೆ ಮಾಡುವವರು ಯಾರು ಎಂಬುದನ್ನು ವರ್ಷಕ್ಕೆ ಎರಡು ಬಾರಿಯಾದರೂ ನಡೆದೇ ತೋರಿಸಬೇಕು. ಕಾಗದದ ಮೇಲಿನ ಯೋಜನೆಗೆ ಕಾಲಿಲ್ಲ.

೪. ಹೇಳಿದವರನ್ನು ಮನ್ನಿಸುವುದು. ಸುಟ್ಟ ವಾಸನೆ ಬರುತ್ತಿದೆಯೆಂದು ಹೊಸದಾಗಿ ಸೇರಿದ ಹುಡುಗನು ಹೇಳಿದಾಗ, ಹುಡುಕಿ ಏನೂ ಸಿಕ್ಕದಿದ್ದರೂ ನಗಬಾರದು. ಒಂದು ಸಾರಿ ನಕ್ಕರೆ, ಮುಂದೆ ನಿಜವಾಗಿ ಸುಡುವಾಗ ಅವನು ಸುಮ್ಮನಿರುತ್ತಾನೆ. ಹುಸಿಯಾದ ಎಚ್ಚರಿಕೆಯ ಬೆಲೆ ಅರ್ಧ ಗಂಟೆ; ನುಂಗಿಕೊಂಡ ಎಚ್ಚರಿಕೆಯ ಬೆಲೆ ಒಂದು ಪ್ರಾಣ.

೫. ನಿಯಮಕ್ಕೆ ಆಗಾಗ ಹೊಸ ಕಣ್ಣನ್ನು ತರುವುದು. ಎಷ್ಟು ಒಳ್ಳೆಯ ನಿಯಮವಾದರೂ ಕಾಲಾಂತರದಲ್ಲಿ ನಿದ್ರೆಗೆ ಜಾರುತ್ತದೆ. ಪರೀಕ್ಷಿಸುವವರನ್ನು ಅದಲುಬದಲು ಮಾಡಬೇಕು. ಕ್ರಮವನ್ನು ಹಿಂದುಮುಂದು ಮಾಡಬೇಕು. ‘ಇಂದು ಏನಾದರೂ ಎಂದಿನಂತಿಲ್ಲವೆ?’ ಎಂಬ ಪ್ರಶ್ನೆಯನ್ನು ದಿನಕ್ಕೊಮ್ಮೆ ಕೇಳಿಕೊಳ್ಳಬೇಕು.

ಮಳೆಗಾಲದಲ್ಲಿ ವೃಷಭಾವತಿಯ ಕಾಲುವೆಗಳ ಬಳಿ ಬಾಳುವವರಿಗೆ ಇಷ್ಟು ಮಾತು ಹೆಚ್ಚಿಗೆ ಸಲ್ಲುತ್ತದೆ. ಮಳೆ ಬರುವ ಮುಂಚೆ ಮನೆಯ ಮುಂದಿನ ಚರಂಡಿಗೆ ಕಸ ಹಾಕದಿರುವುದು, ಮುಖ್ಯವಾದ ಕಾಗದಪತ್ರಗಳನ್ನೂ ಔಷಧಿಗಳನ್ನೂ ಎತ್ತರದಲ್ಲಿಡುವುದು, ನೀರು ಏರಿದಾಗ ಹರಿವನ್ನು ದಾಟುವ ಸಾಹಸಕ್ಕಿಳಿಯದೆ ಎತ್ತರದ ಕಡೆಗೆ ಹೋಗುವುದು, ನೆರೆಯಲ್ಲಿರುವ ಅಶಕ್ತರು ಯಾರೆಂದು ಮೊದಲೇ ತಿಳಿದಿರುವುದು, ಇವು ಯಾವುವೂ ದೊಡ್ಡ ಕೆಲಸಗಳಲ್ಲ. ಆದರೆ ಆ ರಾತ್ರಿ ದೊಡ್ಡದಾಗಿ ಕಾಣುವುದು ಇವೇ.

ಅಪರೂಪದ ಗಳಿಗೆ ಎಂದು ಬರುವುದೆಂದು ಯಾರೂ ಅರಿಯರು. ಅದು ಒಬ್ಬನ ಜೀವಮಾನದಲ್ಲಿ ಬಾರದೆಯೇ ಇರಬಹುದು. ನಲವತ್ತು ವರ್ಷ ಕವಾಟವನ್ನು ಮುಟ್ಟಿ ನೋಡಿ, ಒಂದು ದಿನವೂ ಅದು ಕೆಡದೆ, ಹಾಗೆಯೇ ನಿವೃತ್ತನಾದ ಕೆಲಸಗಾರನು ತನ್ನ ದುಡಿಮೆ ವ್ಯರ್ಥವಾಯಿತೆಂದು ತಿಳಿಯಬಾರದು. ಅವನ ಕೈಕೆಳಗೆ ನಲವತ್ತು ವರ್ಷ ಜನ ನೆಮ್ಮದಿಯಿಂದ ಮಲಗಿದರು. ಮಲಗಿದವರಿಗೆ ಅವನ ಹೆಸರು ತಿಳಿಯದು. ಫಲವನ್ನು ಬಯಸದೆ ಮಾಡುವ ಕಾಯಕವೆಂದು ಶರಣರು ಹೇಳಿದ್ದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯುವುದು ಕಷ್ಟ. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಪ್ರತಿಯೊಬ್ಬರೂ ತಮ್ಮ ಕಾಯಕದಲ್ಲಿ ಬಹುದಿನದಿಂದ ಮುಟ್ಟಿ ನೋ­ಡದೆ ಬಿಟ್ಟ ಕೊಂಡಿ ಯಾವುದೆಂದು ವಿಚಾರಿಸಿ, ಅದೊಂದನ್ನು ನಾಳೆಯೇ ಮುಟ್ಟಿ ನೋಡಿದರೆ, ಈ ಪಾಠ ಸಾರ್ಥಕವಾದಂತೆ.